ನಾನು ಬಿಡಿಸಿದ ಪ್ರಾಣಿ ಎಲ್ಲಿ ವಾಸಿಸುತ್ತದೆ?

ಇಪ್ಪತ್ತೆರಡು ವರ್ಷಗಳಿಂದ ನಾನು ಐದನೇ ತರಗತಿಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೇನೆ. ಹಾಗಂತ ಶಾಲೆಯ ವೇಳಾಪಟ್ಟಿಯಲ್ಲಿ ಬರೆದಿದೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಕರೆಯುವುದು 'ಒಂಟೆ ಸರ್' ಎಂದು. ನನ್ನ ಕತ್ತು ಸ್ವಲ್ಪ ಉದ್ದ, ನಡೆಯುವಾಗ ತಲೆ ಹಿಂದಕ್ಕೂ ಮುಂದಕ್ಕೂ ಆಡುತ್ತದೆ ಎಂಬುದು ನಿಜ. ಆದರೆ ಹೆಸರು ಬಂದದ್ದು ಅದಕ್ಕಲ್ಲ, 'ಪ್ರಾಣಿಗಳ ವಾಸಸ್ಥಾನ ಮತ್ತು ಹೊಂದಾಣಿಕೆ' ಎಂಬ ಪಾಠದಲ್ಲಿ ನಾನು ಒಂಟೆಯನ್ನು ಅಷ್ಟು ಚೆನ್ನಾಗಿ ಮಾಡುತ್ತೇನಲ್ಲ, ಅದಕ್ಕೆ ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಚೆನ್ನಾಗಿ ಎಂದರೆ ಹೇಗೆ ಎಂದು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ವರ್ಷ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ನೋಟ್ಸ್ ಬರೆದಿಟ್ಟಿದ್ದೆ. ಅದು ಈಗ ಹಳದಿಯಾಗಿ, ಮೂಲೆಗಳು ಸವೆದು ದುಂಡಗಾಗಿವೆ. ಕಿಟಕಿಯ ಪಕ್ಕ ನಿಂತು ಕಣ್ಣು ಮುಚ್ಚಿಕೊಂಡೇ ಅದನ್ನು ಬರೆಸುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಉರು ಹೊಡೆಯುತ್ತಿದ್ದರು, ನಾನು ಕೊಟ್ಟದ್ದನ್ನು ನನಗೇ ವಾಪಸ್ ಕೊಡುತ್ತಿದ್ದರು. ಇದಕ್ಕೆ ನಾವು ಪರೀಕ್ಷೆ ಎನ್ನುತ್ತಿದ್ದೆವು. 'ಮರುಭೂಮಿ', 'ಡುಬ್ಬ', 'ಕೊಬ್ಬು' ಎಂಬ ಮೂರು ಪದ ಕಣ್ಣಿಗೆ ಬಿದ್ದರೆ ಸಾಕು, ಕೆಂಪು ಪೆನ್ನು ತನ್ನಷ್ಟಕ್ಕೆ ತಾನೇ ಸರಿ ಗುರುತು ಹಾಕಿಬಿಡುತ್ತಿತ್ತು. ಮೂವತ್ತೆಂಟು ಪತ್ರಿಕೆಗಳನ್ನು ಒಂದೂಕಾಲು ಗಂಟೆಯಲ್ಲಿ ಮುಗಿಸುವ ದಾಖಲೆ ಸ್ಟಾಫ್ ರೂಮಿನಲ್ಲಿ ನನ್ನ ಹೆಸರಿನಲ್ಲೇ ಇತ್ತು.

ಇನ್ನೊಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಮೊದಲ ಹನ್ನೊಂದು ವರ್ಷ ಆ ನೋಟ್ಸಿನಲ್ಲಿ ಒಂಟೆಯ ಡುಬ್ಬದಲ್ಲಿ ಇದ್ದದ್ದು ನೀರು. ಒಂದು ಭಾನುವಾರ ಟಿವಿ ನೋಡುತ್ತಿದ್ದ ನನ್ನ ಹೆಂಡತಿ, "ರೀ, ಡುಬ್ಬದಲ್ಲಿ ಇರೋದು ನೀರಲ್ವಂತೆ, ಕೊಬ್ಬಂತೆ," ಎಂದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಮೈಯೊಳಗೆ ಎಲ್ಲಿ ಏನಿದೆ ಎಂಬ ವಿಷಯದಲ್ಲಿ ಅವಳ ಜೊತೆ ವಾದಕ್ಕಿಳಿದು ನಾನು ಗೆದ್ದ ಇತಿಹಾಸವಿಲ್ಲ. ಸೋಮವಾರ ನೋಟ್ಸಿನಲ್ಲಿ 'ನೀರು' ಹೊಡೆದುಹಾಕಿ 'ಕೊಬ್ಬು' ಬರೆದೆ. ಯಾರಿಗೂ ಹೇಳಲಿಲ್ಲ. ಒಂಟೆಯ ಬೆನ್ನಲ್ಲಿ ನೀರಿನ ಟ್ಯಾಂಕ್ ಇದೆ ಎಂದು ನಂಬಿದ ನಾನೂರು ಜನ ನನ್ನ ದಯೆಯಿಂದ ಈಗಲೂ ಪ್ರಪಂಚದಲ್ಲಿ ಓಡಾಡುತ್ತಿದ್ದಾರೆ. ಅವರಲ್ಲೊಬ್ಬಳು ಪಶುವೈದ್ಯೆಯಾಗಿದ್ದಾಳೆ ಎಂದು ಕೇಳಿದ್ದೇನೆ.

ಹೀಗೆ ನೆಮ್ಮದಿಯಾಗಿದ್ದ ನನ್ನ ಬಾಳಿಗೆ ಹೊಸ ಹೆಡ್‌ಮೇಡಂ ಬಂದರು. ಕುಳ್ಳಗಿನ ಹೆಂಗಸು, ಮೆಲುದನಿ. ಅವರಿಗೆ ಒಂದೇ ಒಂದು ಕೆಟ್ಟ ಅಭ್ಯಾಸ: ಉತ್ತರ ಪತ್ರಿಕೆಗಳನ್ನು ಓದುತ್ತಿದ್ದರು. ಮೊದಲ ಕಿರುಪರೀಕ್ಷೆಯ ಕಟ್ಟನ್ನು ಬಿಚ್ಚಿ ನನ್ನನ್ನು ಕರೆಸಿದರು.

"ಸರ್, ಮೂವತ್ತೆಂಟರಲ್ಲಿ ಮೂವತ್ತೇಳು ಮಕ್ಕಳು ಒಂದೇ ಉತ್ತರ ಬರೆದಿದ್ದಾರೆ. ಅಲ್ಪವಿರಾಮ ಕೂಡ ಒಂದೇ ಜಾಗದಲ್ಲಿದೆ."

ಹೊಗಳಿಕೆ ಎಂದುಕೊಂಡು, "ಚೆನ್ನಾಗಿ ತಿದ್ದಿದೀನಿ ಮೇಡಂ," ಎಂದೆ.

"ಇದರಲ್ಲಿ ಅವರ ನೆನಪಿನ ಶಕ್ತಿ ಗೊತ್ತಾಗುತ್ತೆ. ಏನು ಅರ್ಥ ಆಗಿದೆ ಅನ್ನೋದು ಗೊತ್ತಾಗಲ್ಲ. ಒಂದು ಕೆಲಸ ಮಾಡಿ. ಅವರು ಎಲ್ಲೂ ನೋಡಿರದ ಒಂದು ಪ್ರಾಣಿ ಕೊಡಿ. ಅದು ಎಲ್ಲಿ ಬದುಕಬಹುದು, ಯಾಕೆ ಅಂತ ಕೇಳಿ."

ಯಾರೂ ನೋಡಿರದ ಪ್ರಾಣಿಯನ್ನು ಎಲ್ಲಿಂದ ತರುವುದು? ಸಂಜೆ ಊಟದ ಮೇಜಿನ ಮೇಲೆ ಬಿಳಿ ಹಾಳೆ ಹರಡಿಕೊಂಡು ನಾನೇ ಬಿಡಿಸಲು ಕೂತೆ. ಮೊರದಗಲ ಕಿವಿ, ದೊಡ್ಡ ಕಣ್ಣು, ಉದ್ದನೆಯ ರೆಪ್ಪೆ, ದಿಂಬಿನಂಥ ಅಗಲ ಪಾದ, ಬುಡದಲ್ಲಿ ಉಬ್ಬಿದ ದಪ್ಪ ಬಾಲ. ಹೆಂಡತಿ ಡ್ಯೂಟಿ ಮುಗಿಸಿ ಬಂದು ಚೀಲ ಇಳಿಸುತ್ತಾ ಬಗ್ಗಿ ನೋಡಿದಳು.

"ಏನ್ರೀ ಇದು?"

"ಪ್ರಾಣಿ."

"ಅಯ್ಯೋ ಪಾಪ, ಏನಾಗಿದೆ ಅದಕ್ಕೆ?"

"ಏನೂ ಆಗಿಲ್ಲ. ಹೊಂದಾಣಿಕೆ ಪಾಠದ ಪ್ರಶ್ನೆ."

"ಹೊಂದಾಣಿಕೆ ಬಗ್ಗೆ ನೀವು ಪ್ರಶ್ನೆ ತೆಗೀತಿದೀರಾ?" ಎಂದು ಅವಳು ನಕ್ಕ ನಗುವಿನಲ್ಲಿ, ಮದುವೆಯಾದ ದಿನದಿಂದ ಮಂಚದ ಕಿಟಕಿ ಬದಿಯನ್ನು ನಾನು ಒಂದು ದಿನವೂ ಬಿಟ್ಟುಕೊಡದಿದ್ದುದೆಲ್ಲ ಇತ್ತು.

ಪ್ರಶ್ನೆಗೆ ಐದು ಅಂಕ. ಕೀ ಆನ್ಸರ್ ಕೂಡ ಬರೆದಿಟ್ಟೆ: ಮರುಭೂಮಿ. ಮೈಯ ಬಿಸಿ ಹೊರಹೋಗಲು ಕಿವಿ, ಮರಳು ತಡೆಯಲು ರೆಪ್ಪೆ, ಮರಳಿನಲ್ಲಿ ಹೂತುಹೋಗದಿರಲು ಪಾದ, ಕೊಬ್ಬು ಕೂಡಿಡಲು ಬಾಲ. ಬೇರೆ ಉತ್ತರ ಇರಬಹುದು ಎಂಬ ಯೋಚನೆ ಹತ್ತಿರವೂ ಸುಳಿಯಲಿಲ್ಲ. ಪ್ರಾಣಿಯನ್ನು ಹುಟ್ಟಿಸಿದವನೇ ನಾನು, ಅದು ಎಲ್ಲಿರುತ್ತದೆಂದು ನನಗೆ ಗೊತ್ತಿಲ್ಲವೇ?

ಪರೀಕ್ಷೆಯ ದಿನ ಚಿತ್ರ ನೋಡಿ ಮಕ್ಕಳು ಕಂಗಾಲಾದರು. "ಸರ್, ಇದು ನೋಟ್ಸಲ್ಲಿಲ್ಲ!" ಎಂದು ಔಷಧಿ ಅಂಗಡಿಯವರ ಮಗಳು ಮೂರು ಸಲ ಕೈ ಎತ್ತಿದಳು. ಆಕೆ ತರಗತಿಗೇ ಮೊದಲನೆಯವಳು. ಕೊನೆಯ ಬೆಂಚಿನ ವಾಚ್‌ಮನ್ ಮಗಳು ಮಾತ್ರ ತಲೆ ತಗ್ಗಿಸಿ ಬರೆಯತೊಡಗಿದಳು. ಹಾಜರಿ ಕರೆದಾಗ 'ಎಸ್ ಸರ್' ಎನ್ನುವುದು ಬಿಟ್ಟರೆ ಆ ಹುಡುಗಿಯ ದನಿಯನ್ನೇ ನಾನು ಕೇಳಿರಲಿಲ್ಲ.

ತಿದ್ದಲು ಕೂತಾಗ ಅಂಗಡಿಯವರ ಮಗಳ ಉತ್ತರ ಮುತ್ತಿನಂಥ ಅಕ್ಷರದಲ್ಲಿತ್ತು: 'ಇದು ಮರುಭೂಮಿಯಲ್ಲಿ ವಾಸಿಸುತ್ತದೆ. ಇದರ ಡುಬ್ಬದಲ್ಲಿ ಕೊಬ್ಬು ಸಂಗ್ರಹವಾಗಿರುತ್ತದೆ.' ಮೂರೂ ಪದ ಸಿಕ್ಕವು. ಐದಕ್ಕೆ ಐದು. ವಾಚ್‌ಮನ್ ಮಗಳು ಒತ್ತಕ್ಷರಗಳನ್ನೆಲ್ಲ ನುಂಗಿ ಹೀಗೆ ಬರೆದಿದ್ದಳು: 'ಇದು ದೊಡ್ಡ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಇರುತ್ತೆ. ಅಲ್ಲಿ ಹಗಲೂ ಕತ್ತಲೆ, ಅದಕ್ಕೆ ಕಣ್ಣು ದೊಡ್ಡದು. ಗುಡಿಸಿದ ಧೂಳು ಮೇಲಿಂದ ಬೀಳುತ್ತೆ, ಅದಕ್ಕೆ ರೆಪ್ಪೆ ಉದ್ದ. ಪಾದ ಮೆತ್ತಗಿದೆ, ನಡೆದರೆ ಸದ್ದಾಗಲ್ಲ, ಯಾರೂ ಬೈಯಲ್ಲ. ಯಾರು ಇಳಿದು ಬರ್ತಿದಾರೆ ಅಂತ ಮೊದಲೇ ಕೇಳಿಸೋಕೆ ಕಿವಿ. ಊಟ ದಿನಾ ಸಿಗಲ್ಲ, ಅದಕ್ಕೆ ಬಾಲದಲ್ಲಿ ಇಟ್ಟುಕೊಂಡಿದೆ.'

ನಾನು ಏನು ಮಾಡಿದೆ? ದೊಡ್ಡದಾಗಿ ಸೊನ್ನೆ ಸುತ್ತಿ, ಪಕ್ಕದಲ್ಲಿ 'ಮರುಭೂಮಿ! ಪಾಠ ಓದು' ಎಂದು ಬರೆದೆ. ಆಶ್ಚರ್ಯಸೂಚಕ ಚಿಹ್ನೆಯನ್ನೂ ಹಾಕಿದ್ದೆ.

ಹೆಡ್‌ಮೇಡಂ ಎರಡೂ ಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟು ಕೇಳಿದರು, "ಸರ್, ಚಿತ್ರದಲ್ಲಿ ಡುಬ್ಬ ಎಲ್ಲಿದೆ?"

ನಾನು ಬಗ್ಗಿ ಹುಡುಕಿದೆ. ನಾನೇ ಬಿಡಿಸಿದ ಪ್ರಾಣಿಯ ಬೆನ್ನನ್ನು ನಾನೇ ಹುಡುಕಿದೆ. "ಬಿಡಿಸೋವಾಗ ಮರೆತಿರಬೇಕು ಮೇಡಂ," ಎಂದೆ. ಬೇರೆ ಯಾರಾದರೂ ಆಗಿದ್ದರೆ ಜೋರಾಗಿ ನಗುತ್ತಿದ್ದರು. ಅವರು ಡ್ರಾಯರ್‌ನಿಂದ ಒಂದು ಚಿತ್ರ ತೆಗೆದು ನನ್ನ ಮುಂದಿಟ್ಟರು. ಅದರಲ್ಲಿ ಕರಿಯ ತುಪ್ಪಳದ ಗುಂಡನೆಯ ಜೀವಿ. ಕಣ್ಣು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದು, ಹೊರಗೆ ಕಿವಿಯಿಲ್ಲ, ಮುಂಗೈ ಮಾತ್ರ ಅಗಲ.

"ಇದು ಎಲ್ಲಿರುತ್ತೆ, ಯಾಕೆ? ಹತ್ತು ನಿಮಿಷ ತಗೊಳ್ಳಿ."

ಐವತ್ತರ ಹತ್ತಿರದ ಮನುಷ್ಯ ನಾನು. ಪೆನ್ನಿನ ತುದಿ ಕಚ್ಚಿದೆ. ಸುಳಿವು ಸಿಗಬಹುದೆಂದು ಮೇಡಂ ಮುಖ ನೋಡಿದೆ. ಚಿತ್ರದ ಹಿಂಬದಿಯಲ್ಲಿ ಹೆಸರು ಇರಬಹುದೇ ಎಂದು ಹಾಳೆಯನ್ನು ಮೆಲ್ಲಗೆ ಎತ್ತಿಯೂ ನೋಡಿದೆ. ಕೊನೆಗೆ 'ನೀರಿನಲ್ಲಿ. ಕೈ ದೋಣಿಯ ಹುಟ್ಟಿನಂತೆ ಅಗಲವಾಗಿದೆ. ಕಿವಿಗೆ ನೀರು ಹೋಗದಂತೆ ಕಿವಿಯೇ ಇಲ್ಲ' ಎಂದು ಬರೆದುಕೊಟ್ಟೆ.

"ಇದು ಮಣ್ಣು ಅಗೆದುಕೊಂಡು ನೆಲದೊಳಗೆ ಇರೋ ಪ್ರಾಣಿ," ಎಂದರು ಮೇಡಂ. "ಜಾಗ ತಪ್ಪು. ಆದರೆ ನೋಡಿದ್ದಕ್ಕೆ ಕಾರಣ ಕೊಟ್ಟಿದೀರಿ, ಎರಡು ಮಾರ್ಕ್ಸ್ ಕೊಡ್ತೀನಿ. ನೀವು ತಿದ್ದಿದ್ದರೆ ನಿಮಗೆ ಸೊನ್ನೆ ಬರ್ತಿತ್ತು."

ಮೂವತ್ತೆಂಟು ಪತ್ರಿಕೆಗಳನ್ನೂ ಮತ್ತೆ ತಿದ್ದಲು ಕೂತೆ. ಬರೆದದ್ದು ಸಾಲದೆಂದು ಒಬ್ಬೊಬ್ಬರನ್ನೇ ವರಾಂಡದ ಬೆಂಚಿಗೆ ಕರೆದು ಬಾಯಿಮಾತಿನಲ್ಲೂ ಕೇಳಿದೆ. ಅದಕ್ಕೆ ನಾಲ್ಕು ದಿನ ಹಿಡಿಯಿತು. ನನ್ನ ನೋಟ್ಸ್ ಮಕ್ಕಳ ತಲೆಯೊಳಗೆ ಏನಾಗಿದೆ ಎಂದು ಆಗ ಗೊತ್ತಾಯಿತು. ಹಿಮಕರಡಿ ಬೆಳ್ಳಗಿರುವುದು ಬಿಸಿಲು ಬೀಳದ್ದಕ್ಕೆ ಎಂದು ಒಬ್ಬ ಹೇಳಿದ. ಮೀನಿಗೆ ಮೂಗಿನ ಬದಲು ಕಿವಿರು ಯಾಕೆ ಎಂದರೆ, ಸದಾ ನೀರಲ್ಲಿದ್ದರೆ ಮೂಗು ಕಟ್ಟಿಕೊಳ್ಳುತ್ತದಲ್ಲ ಸರ್ ಎಂದಳು ಇನ್ನೊಬ್ಬಳು. ಇವರಿಬ್ಬರಿಗೂ ನಾನು ಹಿಂದಿನ ಪರೀಕ್ಷೆಯಲ್ಲಿ ಪೂರ್ತಿ ಅಂಕ ಕೊಟ್ಟಿದ್ದೆ.

ವಾಚ್‌ಮನ್ ಮಗಳು ಬಂದು ಬೆಂಚಿನ ಅಂಚಿನಲ್ಲಿ ಕೂತು ಸೊನ್ನೆಯನ್ನೇ ನೋಡುತ್ತಿದ್ದಳು. ತಪ್ಪಾಯಿತು ಎಂದು ಹೇಳಬೇಕೆಂದೇ ಕರೆದಿದ್ದೆ. ಬಾಯಿಂದ ಬಂದದ್ದು, "ಒತ್ತಕ್ಷರ ಸರಿಯಿಲ್ಲ ನಿಂದು." ಆಮೇಲೆ ಸೊನ್ನೆ ಹೊಡೆದುಹಾಕಿ ಐದು ಬರೆದೆ. ಅವಳು ಐದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಸರ್, ಮರುಭೂಮಿನೂ ಆಗಬಹುದು," ಎಂದಳು. ನನಗೆ ಬೇಜಾರಾಗದಿರಲಿ ಎಂದು ಹೇಳಿದಂತಿತ್ತು.

ಔಷಧಿ ಅಂಗಡಿಯವರ ಮಗಳ ಐದು ಈಗ ಒಂದಕ್ಕೆ ಇಳಿದಿತ್ತು. ಮರುದಿನವೇ ತಂದೆ ಮಗಳ ಕೈ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು.

"ಏನ್ ಸರ್ ಇದು? ಐದು ಕೊಟ್ಟು ಒಂದು ಮಾಡ್ತೀರಾ?"

ನಾನು ಎದ್ದು ನಿಂತು, "ನೋಡಿ ಸರ್, ಇದರಲ್ಲಿ ಅವಳ ನೆನಪಿನ ಶಕ್ತಿ ಗೊತ್ತಾಗುತ್ತೆ. ಏನು ಅರ್ಥ ಆಗಿದೆ ಅನ್ನೋದು ಗೊತ್ತಾಗಲ್ಲ," ಎಂದೆ. ಹೆಡ್‌ಮೇಡಂ ಮಾತು ಚಾಚೂ ತಪ್ಪದೆ ಬಂತು. ಉರು ಹೊಡೆಯುವುದರಲ್ಲಿ ನಾನೂ ಕಡಿಮೆಯಿಲ್ಲ.

"ಆ ನೋಟ್ಸ್ ಕೊಟ್ಟು ಉರು ಹೊಡೆಸಿದ್ದು ಯಾರು?"

"ನಾನೇ."

"ಹಾಗಾದ್ರೆ ಆ ಒಂದು ಮಾರ್ಕು ಯಾರಿಗೆ ಕೊಡಬೇಕು, ನೀವೇ ಹೇಳಿ."

ನಾನು ಚಿತ್ರವಿದ್ದ ಪ್ರಶ್ನೆಪತ್ರಿಕೆಯನ್ನು ಅವರ ಮುಂದಿಟ್ಟೆ. ಆಗ ಮಗಳು ಅಪ್ಪನ ಕೈ ಬಿಡಿಸಿಕೊಂಡು, "ಅಪ್ಪಾ, ಚಿತ್ರದಲ್ಲಿ ಡುಬ್ಬ ಇರಲೇ ಇಲ್ಲ," ಎಂದಳು.

"ಗೊತ್ತಿದ್ದೂ ಯಾಕೆ ಬರೆದೆ?" ಎಂದು ಅಪ್ಪ ಕೇಳಿದರು.

"ಡುಬ್ಬ ಅಂತ ಬರೆದ್ರೆ ಸರ್ ಮಾರ್ಕ್ಸ್ ಕೊಡ್ತಾರೆ ಅಂತಾನೂ ಗೊತ್ತಿತ್ತು. ಕೊಟ್ರಲ್ಲ."

ಸ್ಟಾಫ್ ರೂಮಿನಲ್ಲಿ ಯಾರೋ ಕೆಮ್ಮಿದರು. ಪ್ರಾಣಿಗಳು ಇರುವ ಜಾಗಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತವೆ ಎಂದು ಇಪ್ಪತ್ತೆರಡು ವರ್ಷ ಪಾಠ ಮಾಡಿದವನ ಕಣ್ಣೆದುರೇ ಒಂದು ಮಗು ಹೊಂದಿಕೊಂಡು ಕೂತಿತ್ತು, ನನಗೆ ಕಂಡಿರಲಿಲ್ಲ. ತಂದೆ ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದರು. "ಈ ಕಿವಿ ನೋಡಿದ್ರೆ ನನಗೆ ಬಯಲು ಅನ್ನಿಸುತ್ತಪ್ಪ, ದೂರದ ಸದ್ದು ಕೇಳಬೇಕಲ್ಲ," ಎಂದು ಮೆಲ್ಲಗೆ ಶುರುಮಾಡಿದರು. "ಪಾದ ನೋಡು ಅಪ್ಪಾ, ಅದು ಕೆಸರಿಗೆ," ಎಂದಳು ಮಗಳು. ಇಬ್ಬರೂ ವಾದ ಮಾಡುತ್ತಲೇ ಗೇಟು ದಾಟಿದರು. ಅಂಕದ ಮಾತು ಎತ್ತಲು ಅವರು ಮತ್ತೆ ಬರಲಿಲ್ಲ.

ಮುಂದಿನ ಸೋಮವಾರ ತರಗತಿಯಲ್ಲಿ ನಾನು ಸೊನ್ನೆಯ ವಿಷಯ ಹೇಳಿದೆ, ನನಗೆ ಎರಡು ಅಂಕ ಬಂದದ್ದನ್ನೂ ಹೇಳಿದೆ, ಧೈರ್ಯ ಮಾಡಿ ಹನ್ನೊಂದು ವರ್ಷದ ನೀರಿನ ವಿಷಯವನ್ನೂ ಹೇಳಿದೆ. ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ. "ಹೌದು ಸರ್, ನಮ್ಮ ಚಿಕ್ಕಪ್ಪ ಈಗಲೂ ನೀರು ಅಂತಾನೇ ಹೇಳ್ತಾರೆ," ಎಂದ ಮುಂದಿನ ಬೆಂಚಿನವನು. ಎಲ್ಲರೂ ನಕ್ಕರು. ಈಗ ಒಂದು ಪ್ರಶ್ನೆ ತೆಗೆಯಲು ನನಗೆ ಎರಡು ಸಂಜೆ ಬೇಕು. ಮೂವತ್ತೆಂಟು ಪತ್ರಿಕೆ ತಿದ್ದಲು ಒಂದು ವಾರ ಬೇಕು. ದಾಖಲೆ ಗಣಿತದ ಮೇಡಂ ಪಾಲಾಗಿದೆ.

ಪೋಷಕರ ಸಭೆಯ ದಿನ ವಾಚ್‌ಮನ್ ಹೆಂಡತಿ ಮೊದಲ ಸಲ ಬಂದರು. ಗಂಡ ಕಾಯುವ ದೊಡ್ಡ ಬಿಲ್ಡಿಂಗಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲೇ ಅವರ ಸಂಸಾರ, ಅಲ್ಲೇ ಅವರು ಬಟ್ಟೆ ಇಸ್ತ್ರಿ ಮಾಡುವುದು. ಕುರ್ಚಿ ತೋರಿಸಿದರೂ ಕೂರದೆ, "ಕ್ಲಾಸಲ್ಲಿ ಮಾತಾಡ್ತಾಳಾ ಸರ್ ಅವಳು?" ಎಂದು ಕೇಳಿದರು.

"ಈಗೀಗ ಮಾತಾಡ್ತಾಳಮ್ಮ," ಎಂದು ಚಿತ್ರವನ್ನೂ ಉತ್ತರವನ್ನೂ ತೋರಿಸಿ ಓದಿ ಹೇಳಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಆಮೇಲೆ ಚಿತ್ರವನ್ನು ಹತ್ತಿರ ಎಳೆದುಕೊಂಡು ಹುಬ್ಬು ಗಂಟಿಕ್ಕಿದರು.

"ಇದಕ್ಕೆ ಮೀಸೆ ಯಾಕೆ ಬರೆದಿಲ್ಲ ಸರ್? ನಮ್ಮಲ್ಲಿ ಅಷ್ಟು ಕತ್ತಲೆ, ಗೋಡೆ ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ನಾನು ಪೆನ್ಸಿಲ್ ತೆಗೆದುಕೊಂಡು ಎರಡೂ ಕಡೆ ಮೀಸೆ ಎಳೆದೆ. "ಇನ್ನೂ ಸ್ವಲ್ಪ ಉದ್ದ, ಹೀಗೆ ಕೆಳಗೆ ಬಾಗಬಾರದು ಸರ್, ಗೋಡೆ ಮುಟ್ಟೋ ಹಾಗೆ ನೆಟ್ಟಗಿರಬೇಕು," ಎಂದರು ಆಕೆ. ಹಿಂದೆ ಸಾಲಿನಲ್ಲಿ ನಿಂತಿದ್ದ ಪೋಷಕರು ಗಡಿಯಾರ ನೋಡಿಕೊಳ್ಳುತ್ತಿದ್ದರು. ನಾನು ರಬ್ಬರ್ ಹುಡುಕತೊಡಗಿದೆ.