ಲಡಾಖಿನಲ್ಲಿ ನೆಲ ಹಿಡಿದ ಪೈಲ್ವಾನ

ಪೈಲ್ವಾನನಿಗೆ ಉಸಿರು ಸಾಲದೆ ಹೋಗುವುದು ಎಂದೂ ಆಗದ ಮಾತು ಎಂದವರು ಲಕ್ಷ್ಮೇಶ್ವರದ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ವಸ್ತಾದ ಹುಸೇನಸಾಬರು. "ಬಾಯಾರ, ಗಾಳಿ ಕಡಿಮಿ ಬೀಳೂದು ನಿಮ್ಮಂಥ ಓದಿದವ್ರಿಗೆ. ನಮ್ಮ ಹುಡುಗ್ರ ಎದಿ ನೋಡ್ರಿ, ವಾಡೇದ ಬಾಗಲಾ ಇದ್ದಂಗ ಅದಾವ," ಎಂದು ನಕ್ಕಿದ್ದರು.

ಗದಗ ಹೊಸ ಜಿಲ್ಲೆಯಾಗಿ ಕೆಲವೇ ವರ್ಷಗಳಾಗಿದ್ದ ಕಾಲವದು. ಬಯಲುನಾಡಿನವರ ದೇಹ ಎತ್ತರದ ಜಾಗದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಅಭ್ಯಾಸ ಮಾಡುವ ತಂಡವೊಂದರಲ್ಲಿ ನಾನು ಕಿರಿಯ ವೈದ್ಯೆ. ಬೆಟಗೇರಿಯ ನಮ್ಮ ಮಗ್ಗದ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ನಾನೇ. ನೂಲಿನ ಕಂಡಿಕೆ ಸುತ್ತುತ್ತಲೇ ಪಾಠ ಒಪ್ಪಿಸಿ ಡಾಕ್ಟರಾದವಳು; ಹೇಳಿಕೊಳ್ಳಲು ಸಂಕೋಚವಿಲ್ಲ. ತಂಡಕ್ಕೆ ಗಟ್ಟಿಮುಟ್ಟಾದ ಸ್ವಯಂಸೇವಕರು ಬೇಕಾದಾಗ ನಮ್ಮ ಜಿಲ್ಲೆಯ ಪೈಲ್ವಾನರ ಹೆಸರು ಹೇಳಿದೆ. ಅವರಲ್ಲಿ ಹುಸೇನಸಾಬರ ಶಿಷ್ಯ, ಶಿರಹಟ್ಟಿಯ ಫಕೀರಪ್ಪ ಎಲ್ಲರಿಗಿಂತ ಬಲಿಷ್ಠ. ಉಸಿರಿನ ಪ್ರಮಾಣ ಅಳೆಯುವ ಸ್ಪೈರೋಮೀಟರನ್ನು ಅವನು ಊದಿದರೆ ನಮ್ಮ ತಂತ್ರಜ್ಞರು ಯಂತ್ರ ಕೆಟ್ಟಿತೇ ಎಂದು ಮತ್ತೊಮ್ಮೆ ನೋಡುತ್ತಿದ್ದರು.

ಗದಗ ಸಮುದ್ರಮಟ್ಟದಿಂದ ಸುಮಾರು ಆರುನೂರೈವತ್ತು ಮೀಟರ್ ಎತ್ತರದಲ್ಲಿದೆ. ಲೇಹ್ ಮೂರೂವರೆ ಸಾವಿರ. ಅಲ್ಲಿ ಒಂದು ಉಸಿರಿಗೆ ದಕ್ಕುವ ಆಕ್ಸಿಜನ್ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ವಿಮಾನ ಇಳಿದವರು ಮೊದಲು ಸುಮ್ಮನೆ ಮಲಗಿ ವಿಶ್ರಾಂತಿ ಪಡೆಯಬೇಕು. ಪ್ರತಿದಿನ ನಾವು ಕೇಳುತ್ತಿದ್ದ ಪ್ರಶ್ನೆಗಳೂ ಸರಳ: ತಲೆನೋವಿದೆಯೇ, ವಾಕರಿಕೆ ಇದೆಯೇ, ದಣಿವಾಗಿದೆಯೇ? ಉಳಿದವರು ಒಂದಲ್ಲ ಒಂದು ನೋವು ಹೇಳಿಕೊಂಡರು. ಹುಡುಗರ ಜೊತೆ ತಾವೂ ಬಂದಿದ್ದ ವಸ್ತಾದರ ಪಕ್ಕ ಕೈಕಟ್ಟಿ ನಿಂತ ಫಕೀರಪ್ಪನದು ಮಾತ್ರ ಒಂದೇ ಉತ್ತರ, "ಏನೂ ಇಲ್ರಿ."

ಗರಡಿಮನೆಯ ಶಿಸ್ತು ನನಗೆ ಹೊಸದಲ್ಲ. ವಸ್ತಾದ 'ಸಾಕು' ಅನ್ನುವ ತನಕ ಶಿಷ್ಯ ಕೂಡುವಂತಿಲ್ಲ, ದಣಿದೆ ಅನ್ನುವಂತಿಲ್ಲ. ಒಂದು ದಿನವೂ ಸಾಮು ತಪ್ಪಿಸುವಂತಿಲ್ಲ. ಆದರೂ ಅದು ಲೇಹ್‌ವರೆಗೆ ಬಂದೀತೆಂದು ನನಗೆ ಹೊಳೆದಿರಲಿಲ್ಲ.

ಮೂರನೆಯ ದಿನ ಸಂಜೆ ಅವನನ್ನು ಪಕ್ಕಕ್ಕೆ ಕರೆದು ನಮ್ಮೂರ ಮಾತಿನಲ್ಲೇ ಕೇಳಿದೆ. "ನಿದ್ದಿ ಹತ್ತಿತ್ತೇನೋ ತಮ್ಮಾ?"

"ಹತ್ತಿತ್ತ... ರೀ." ಅಷ್ಟು ಹೇಳಲು ಅವನು ನಡುವೆ ಉಸಿರೆಳೆದುಕೊಂಡ. ತುಟಿ ನೀಲಿಗಟ್ಟಿತ್ತು. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿದೆ. ರಕ್ತದ ಆಕ್ಸಿಜನ್ ಅರವತ್ತರ ಆಸುಪಾಸಿನಲ್ಲಿತ್ತು; ಜೊತೆಗಿದ್ದವರದು ಎಂಬತ್ತೈದು ದಾಟಿತ್ತು. ಬೆನ್ನಿಗೆ ಸ್ಟೆತೋಸ್ಕೋಪ್ ಇಟ್ಟರೆ ಒಣಗಿದ ಜೋಳದ ರವದಿ ತುಳಿದಂಥ ಸದ್ದು. ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು.

"ಸ್ವಲ್ಪ ಅಡ್ಡಾಡಿದ್ರ ಸರಿ ಹೊಕ್ಕಾನ್ರಿ," ಎಂದರು ಹಿಂದೆಯೇ ಬಂದ ಹುಸೇನಸಾಬರು.

"ವಸ್ತಾದರ, ಇಂವ ಈಗ ಅಡ್ಡಾಡಿದ್ರ ಉಳಿಯೂದಿಲ್ಲ. ನಾ ಕೇಳಿದ್ರ ಹೇಳವಲ್ಲ. ನೀವ ಕೇಳ್ರಿ."

ಅವರು ಶಿಷ್ಯನ ಮುಖವನ್ನು ದಿಟ್ಟಿಸಿದರು. ಹೆಗಲ ಮೇಲೆ ಕೈಯಿಟ್ಟರು. "ಸಾಕಲೇ ಫಕೀರ್ಯಾ. ಕುಂಡ್ರು."

ಆ ದೊಡ್ಡ ಆಳು ಅಲ್ಲೇ ಕುಸಿದ. "ನಿನ್ನೆಯಿಂದ ಆಗವಲ್ದ್ರಿ ವಸ್ತಾದ... ಬೆಳಗ್ಗೆ ಕದ್ದು ಬೈಠಕ್ ಹೊಡದೇನ್ರಿ... ಎದಿಯಾಗ ಕೊಡ ಇಟ್ಟಂಗ ಆಗೇತ್ರಿ."

ಆಕ್ಸಿಜನ್ ಹಚ್ಚಿ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಕಂಡದ್ದನ್ನು ನೆನೆದರೆ ಇಂದಿಗೂ ನಾನು ಬೆರಗಾಗುತ್ತೇನೆ. ಶ್ವಾಸಕೋಶದ ಯಾವುದೋ ಮೂಲೆಗೆ ಗಾಳಿ ಬಾರದಿದ್ದರೆ, ದೇಹ ತಾನಾಗಿ ಅಲ್ಲಿನ ರಕ್ತನಾಳ ಬಿಗಿದು, ಗಾಳಿಯಿರುವ ಕಡೆ ರಕ್ತ ತಿರುಗಿಸುತ್ತದೆ. ತೋಟದಲ್ಲಿ ಒಂದು ಮಡಿಗೆ ಮಣ್ಣು ಕಟ್ಟಿ ಇನ್ನೊಂದಕ್ಕೆ ನೀರು ಹಾಯಿಸುವಂಥ ಜಾಣತನ. ಎತ್ತರದಲ್ಲಿ ಗಾಳಿ ಎಲ್ಲ ಕಡೆಯೂ ತೆಳು. ಹೀಗಾಗಿ ಬಹಳಷ್ಟು ಮಡಿಗಳು ಒಮ್ಮೆಲೇ ಮುಚ್ಚಿ, ತೆರೆದುಳಿದ ಕೆಲವೇ ಕಾಲುವೆಗಳ ಒಡ್ಡು ಒತ್ತಡಕ್ಕೆ ಸೋರುತ್ತದೆ. ಕಾಯುವ ಜಾಣತನವೇ ಕೊಲ್ಲಲು ನಿಲ್ಲುತ್ತದೆ! ಅದಕ್ಕೆ ರಟ್ಟೆಯ ಬಲ ಲೆಕ್ಕವಿಲ್ಲ. ಬೈಠಕ್ ಹೊಡೆದಷ್ಟೂ ಒತ್ತಡ ಏರುತ್ತದೆ. ಆಕ್ಸಿಜನ್ ಸಿಕ್ಕೊಡನೆ ಮುಚ್ಚಿದ ಹಾದಿಗಳು ತೆರೆದುಕೊಂಡವು. ಮರುದಿನದ ಎಕ್ಸ್‌ರೇಯಲ್ಲಿ ಬೆಳ್ಳಗಿನ ಮಬ್ಬು ತಿಳಿಯಾಗತೊಡಗಿತ್ತು. ಮಾಸ್ಕ್ ತೊಟ್ಟ ಅವನನ್ನು ನೋಡಿ ಮುಂಡರಗಿಯ ಜೊತೆಗಾರ, "ಬಾಸಿಂಗ ಹಣೀಗೆ ಕಟ್ತಾರಲೇ, ನೀ ಮೂಗಿಗೆ ಕಟ್ಟಿಸ್ಕೊಂಡೀಯಲ್ಲ!" ಎಂದಾಗ ಫಕೀರಪ್ಪ ಒಂದೇ ಉಸಿರಿಗೆ ಬೈದ. ನನಗೆ ಜೀವ ಬಂತು.

ಊರಿಗೆ ಮರಳಿದ ಮೇಲೆ ಬೇರೆ ತೊಡಕು. 'ಎದಿ ಸೋತೇತಿ' ಎಂದು ಜನ ಆಡಿಕೊಂಡರು. ಅವನನ್ನು ಕಣಕ್ಕಿಳಿಸಲು ಕುಸ್ತಿ ನಡೆಸುವವರು ಹಿಂಜರಿದರು. ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಿದೆ. ಮೊದಲಿನಂತೆಯೇ ಊದಿದ.

ಈ ಕೆಲಸ ನನಗೆ ಕಲಿಸಿದ್ದಿಷ್ಟು: ಪ್ರಶ್ನೆ ಸರಿಯಿದ್ದರೆ ಸಾಲದು, 'ಹೌದು, ನೋವಾಗಿದೆ' ಎನ್ನಲು ಎದುರಿನವನಿಗೆ ಜಾಗ ಇರಬೇಕು. ಅಂದಿನಿಂದ ನಮ್ಮ ತಂಡದಲ್ಲಿ ಪ್ರತಿಯೊಬ್ಬರನ್ನೂ ಬೇರೆಯಾಗಿ ಕರೆದು ಕೇಳತೊಡಗಿದೆವು.

ಶ್ವಾಸಕೋಶ ಆರೋಗ್ಯವಾಗಿದೆ, ಕುಸ್ತಿ ಆಡಬಹುದು, ಅತಿ ಎತ್ತರಕ್ಕೆ ಅವಸರದಲ್ಲಿ ಹೋಗಬಾರದು ಎಂದು ಬರೆದು, ಸಹಿ ಮಾಡಿ, ಸಿಕ್ಕಾ ಒತ್ತಿದ ಪ್ರಮಾಣಪತ್ರವನ್ನು ಅವನ ತಾಯಿ ನೀಲವ್ವನ ಕೈಗೆ ಕೊಟ್ಟೆ. ಓದಿ ಹೇಳಿಸಿಕೊಂಡ ಆಕೆ ಅದನ್ನು ನನ್ನ ಮೇಜಿನ ಮೇಲೆ ಮರಳಿ ಇಟ್ಟಳು.

"ಇನ್ನೊಂದ್ ಸಾಲು ಬರೀರಿ ಬಾಯಾರ, ದಣಿವಾದ್ರ ಬಾಯಿಬಿಟ್ಟು ಹೇಳಬೇಕು ಅಂತ. ನಾ ಹೇಳಿದ್ರ ಕೇಳೂದಿಲ್ಲ ಅಂವ. ಸಿಕ್ಕಾ ಇದ್ರ ಕೇಳ್ತಾನ."