ಮಗ್ಗದ ಗಂಟಲು

ಹೋದ ವಾರ ನನ್ನ ಮೊಮ್ಮಗಳು ಕೆಲಸದಿಂದ ಬಂದವಳೇ, ಚಪ್ಪಲಿ ಬಿಡುವುದಕ್ಕೂ ಮೊದಲು, "ಅಜ್ಜಿ, ಒಂದು ಲವಂಗ ಕೊಡಿ, ಗಂಟಲು ಕಟ್ಕೊಂಡ್ಬಿಟ್ಟಿದೆ" ಅಂದಳು. ಬೆಳಗಿನಿಂದ ಸಂಜೆಯವರೆಗೆ ಪಾಠ ಮಾಡಿ ಬಂದಿದ್ದಳು. ಯಾರಿಗೆ ಪಾಠ ಅಂತೀರಿ? ವಿಮೆ ಏಜೆಂಟರಿಗೆ. ಲೈಸೆನ್ಸ್ ಉಳಿಸಿಕೊಳ್ಳಬೇಕಾದರೆ ಏಜೆಂಟರು ಆಗಾಗ ಹೋಗಿ ಕೂರಲೇಬೇಕಾದ ತರಬೇತಿ ಇದೆಯಲ್ಲ, ಅದಕ್ಕೆ ಈಗ ನನ್ನ ಮೊಮ್ಮಗಳೇ ಮೇಡಮ್ಮು. ಹಿಂದೆ ನಾನೂ ಏಜೆಂಟಾಗಿ ಹೋಗಿ ಕೂರುತ್ತಿದ್ದ ಬೆಂಗಳೂರಿನ ಅದೇ ಕಟ್ಟಡ, ಅದೇ ಮೇಲಿನ ಮಹಡಿ. ಈ ಸುದ್ದಿಯನ್ನು ನಾನು ಬೀದಿಯವರಿಗೆಲ್ಲ ಹೇಳಿದೆ, ಹೂವಿನವಳನ್ನು ನಿಲ್ಲಿಸಿಕೊಂಡು ಹೇಳಿದೆ, ಅವಳು ಮಾರನೆಯ ದಿನ ಬಂದಾಗ ಮತ್ತೆ ಹೇಳಿದೆ. ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಏನು ಮಾಡಲಿ.

ಆದರೆ ಆ ಲವಂಗ ಅವಳ ಹಲ್ಲಿನ ನಡುವೆ ಮುರಿದು ವಾಸನೆ ಬಂತಲ್ಲ, ಆಗ ನನಗೆ ನೆನಪಾದದ್ದು ಬೇರೊಂದು ಬಾಯಿ...

ಆತ ನಮ್ಮ ತರಬೇತಿಯ ಸಾಹೇಬ. 'ಅವರು' ಎಂದು ಬರೆಯಲು ನನಗೆ ಕೈ ಬರುವುದಿಲ್ಲ, ಆತ ಅಂತಲೇ ಬರೆಯುತ್ತೇನೆ. ಇಸ್ತ್ರಿಯ ಬಿಳಿ ಅಂಗಿ, ದವಡೆಯಲ್ಲಿ ಯಾವಾಗಲೂ ಒಂದು ಲವಂಗ, ಬೆಣ್ಣೆ ಸವರಿದಂಥ ಮೆಲುದನಿ.

ನಾನು ಓದಿದ್ದು ಎಂಟನೇ ಕ್ಲಾಸು. ಆಗ ನಮ್ಮಂಥ ಊರಿನವರಿಗೆ ಏಜೆಂಟಾಗಲು ಅಷ್ಟು ಓದು ಸಾಕಾಗಿತ್ತು. ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಬೀದಿ. ಎಲ್ಲರ ಮನೆಯಲ್ಲೂ ಪವರ್‌ಲೂಮಿನ ಗಲಾಟೆ. ಕರೆಂಟು ಇದ್ದಷ್ಟು ಹೊತ್ತು ಯಾರಿಗೂ ಯಾರ ಮಾತೂ ಕೇಳಿಸುವಂತಿಲ್ಲ. ಹಾಗಾಗಿ ನಾನು ಕರೆಂಟು ಹೋಗುವುದನ್ನೇ ಕಾಯುತ್ತಿದ್ದೆ. ಮಗ್ಗ ನಿಂತ ತಕ್ಷಣ ಸೆರಗು ಸಿಕ್ಕಿಸಿಕೊಂಡು ಹೊರಟು, ಅದು ಮತ್ತೆ ಓಡುವುದರೊಳಗೆ ಒಂದು ಮನೆಗೆ ಪಾಲಿಸಿ ಒಪ್ಪಿಸಿ ಬರುತ್ತಿದ್ದೆ. "ಊರೆಲ್ಲಾ ಕರೆಂಟಿಲ್ಲ ಅಂತ ಬೈಕೊಂಡ್ರೆ ಇವಳೊಬ್ಬಳು ಕುಣೀತಾಳೆ" ಎಂದು ನಮ್ಮ ಯಜಮಾನರು ನಗುತ್ತಿದ್ದರು. ನೂಲು ಸಿಗದೆ ಮಗ್ಗ ನಿಂತ ತಿಂಗಳುಗಳಲ್ಲಿ ನಮ್ಮ ಒಲೆ ಉರಿದದ್ದು ಅದೇ ಕುಣಿತದಿಂದ.

ಆ ಲೈಸೆನ್ಸಿಗೆ ಅವಧಿ ಇರುತ್ತಿತ್ತು. ಮುಗಿಯುವ ಮೊದಲು ಬೆಂಗಳೂರಿಗೆ ಹೋಗಿ ಒಂದು ವಾರ ತರಬೇತಿಗೆ ಕೂರಬೇಕು. ಒಂದು ದಿನ ತಪ್ಪಿದರೂ ನವೀಕರಣ ಇಲ್ಲ. ಲೈಸೆನ್ಸ್ ಹೋದರೆ ನಾನು ಪಾಲಿಸಿ ಮಾಡಿಸಿದ ಮನೆಗಳೆಲ್ಲ ಬೇರೆ ಏಜೆಂಟರ ಪಾಲು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಮೊದಲ ದಿನವೇ ನಾನು ಎದ್ದು ಏನೋ ಕೇಳಿದೆ. ಮಗ್ಗದ ಮನೆಯವರ ದನಿ ಗೊತ್ತಲ್ಲ, ಮೆಲ್ಲಗೆ ಮಾತಾಡಲು ನಮಗೆ ಬರುವುದೇ ಇಲ್ಲ. ಆತ ಕಿವಿಗೆ ಬೆರಳಿಟ್ಟುಕೊಂಡು, "ಏನಮ್ಮಾ, ಇದು ಆಫೀಸು. ನಿಮ್ಮ ಮಗ್ಗದ ಗಂಟಲನ್ನ ಊರಲ್ಲೇ ಬಿಟ್ಟು ಬರಬಾರದಿತ್ತಾ?" ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಹೊಸಕೋಟೆ ಕಡೆಯ ಒಬ್ಬ ಏಜೆಂಟ ಬೆಂಚು ತಟ್ಟಿಕೊಂಡು ನಕ್ಕ. ನಾನು ಬಾಯಿ ಮುಚ್ಚಿ ಕೂತೆ. ಎರಡು ದಿನ ಹಾಗೇ ಕೂತೆ.

ಎರಡನೆಯ ದಿನದ ಮಧ್ಯಾಹ್ನ ಎಲ್ಲರೂ ಟೀಗೆ ಹೋಗಿದ್ದರು. ನಾನೊಬ್ಬಳೇ ಬೆಂಚಿನ ಮೇಲೆ ಮೊಸರನ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ಪಕ್ಕದಲ್ಲಿ ಗಾಜಿನ ಕೋಣೆ. ಅದರೊಳಗೆ ಆತ ಗುಮಾಸ್ತನ ಜೊತೆ ಮಾತಾಡುತ್ತಿದ್ದ. ಬಾಗಿಲು ಹಾಕಿತ್ತು, ಒಂದು ಅಕ್ಷರವೂ ಹೊರಗೆ ಬರುತ್ತಿರಲಿಲ್ಲ.

ಆದರೆ ನಮಗೆ ಅಕ್ಷರ ಹೊರಗೆ ಬರಬೇಕೆಂದೇನೂ ಇಲ್ಲ. ಪವರ್‌ಲೂಮಿನ ಸದ್ದಿನಲ್ಲಿ ಬೆಳೆದವರು ತುಟಿ ನೋಡಿಯೇ ಮಾತು ಹಿಡಿಯುತ್ತೇವೆ. ನಮ್ಮ ಮನೆಯಲ್ಲಿ ಅತ್ತೆಗೂ ನನಗೂ ಜಗಳ ನಡೆದದ್ದೇ ಹಾಗೆ, ಆ ತುದಿಯಿಂದ ಈ ತುದಿಗೆ, ಬರೀ ತುಟಿಯಲ್ಲಿ. ಆತ ಗುಮಾಸ್ತನಿಗೆ ಹೇಳಿದ್ದನ್ನು ನಾನು ಕಣ್ಣಾರೆ ಕೇಳಿದೆ. "ಆ ಮಗ್ಗದ ಹೆಂಗಸಿಗೆ ವಾರದ ಕೊನೆಗೆ ಎರಡು ದಿನ ಆಬ್ಸೆಂಟ್ ಹಾಕ್ತೀನಿ. ಲೈಸೆನ್ಸ್ ಹೋದ್ರೆ ಆ ಬೀದಿ ಪೂರ್ತಿ ನಮ್ಮ ಭಾಮೈದನಿಗೆ ಬರುತ್ತೆ. ಅವಳಿಗೆ ಬಾಯಿ ಎಲ್ಲಿದೆ, ಅತ್ತುಕೊಂಡು ಹೋಗ್ತಾಳೆ."

ಹಾಜರಿ ಗುರುತು ಹಾಕುತ್ತಿದ್ದದ್ದು ಆತನೇ. ನಮ್ಮ ಸಹಿ ಗಿಹಿ ಏನೂ ಇರಲಿಲ್ಲ.

ಮೊಸರನ್ನದ ಡಬ್ಬಿ ಮುಚ್ಚಿಟ್ಟೆ. ಸಂಜೆ ರೈಲಿನಲ್ಲಿ ಯಲಹಂಕ ದಾಟುವವರೆಗೂ ಅಳು ಒತ್ತಿ ಬರುತ್ತಿತ್ತು. ಆಮೇಲೆ ಅಳು ಹೋಗಿ ಬೇರೆಯದೇನೋ ಬಂತು. ಬಾಯಿ ಎಲ್ಲಿದೆ ಅಂದನಲ್ಲ...

ಮಾರನೆಯ ದಿನ ಹೋಗಿ ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ ಕೂತೆ. ಆತ ಬಾಯಿ ತೆರೆದ ಕೂಡಲೇ ಎದ್ದು ನಿಂತು, ಮಗ್ಗ ಓಡುವಾಗ ಪಕ್ಕದ ಮನೆಯವರನ್ನು ಕರೆಯುವ ಗಂಟಲಿನಲ್ಲಿ ಕೇಳಿದೆ: "ಸಾರ್, ನಾಮಿನಿನೇ ಮೊದ್ಲು ಸತ್ತೋದ್ರೆ ಏನ್ಮಾಡೋದು ಸಾರ್?"

"ಮೆಲ್ಲಗೆ ಕೇಳಮ್ಮಾ, ನಾನೇನು ಕಿವುಡನಾ?"

"ಆಗ್ಲಿ ಸಾರ್," ಅಂದೆ, ಇನ್ನೂ ಜೋರಾಗಿ. "ವಯಸ್ಸಿಗೆ ಸರ್ಟಿಫಿಕೇಟ್ ಇಲ್ದಿದ್ರೆ ಜಾತಕ ನಡೆಯುತ್ತಾ ಸಾರ್?"

ಆ ವಾರವೆಲ್ಲ ಬಿಡಲಿಲ್ಲ. ತೂಬಗೆರೆಯವನು ಪಾಲಿಸಿ ಮಾಡಿಸಿ ಊರು ಬಿಟ್ಟರೆ ಏನು, ಎರಡು ಹೆಸರಿರುವ ಹೆಂಗಸಿಗೆ ಯಾವ ಹೆಸರು ಬರೆಯಬೇಕು, ತೋಚಿದ್ದನ್ನೆಲ್ಲ ಕೂಗಿದೆ. ಟೀ ತರುವವನು ಮೆಟ್ಟಿಲಲ್ಲೇ ನಿಂತು ನಗುತ್ತಿದ್ದ. ಕೆಳಗಿನ ಮಹಡಿಯ ಹೆಣ್ಣುಮಕ್ಕಳು ಯಾರಿದು ಎಂದು ಹತ್ತಿ ಬಂದು ಇಣುಕಿ ಹೋದರು. ಆತನ ದವಡೆಯ ಲವಂಗ ಆ ದವಡೆಗೂ ಈ ದವಡೆಗೂ ಓಡಾಡುತ್ತಿತ್ತು. ನನಗೆ ಅದನ್ನು ನೋಡುವುದೇ ಹಬ್ಬ.

ಕೊನೆಯ ದಿನ ಕೆಳಗಿನಿಂದ ಮ್ಯಾನೇಜರು ಬಂದು ಸರ್ಟಿಫಿಕೇಟ್ ಹಂಚಿದರು. ಎಲ್ಲರನ್ನೂ ಕರೆದರು, ನನ್ನ ಹೆಸರು ಬರಲಿಲ್ಲ. ಎದ್ದು ಕೇಳಿದೆ. ಸಾಹೇಬ ಬೆಣ್ಣೆ ದನಿಯಲ್ಲಿ, "ಇವರು ನಿನ್ನೆ ಮೊನ್ನೆ ಬಂದಿಲ್ಲ ಸಾರ್, ಆಬ್ಸೆಂಟು" ಅಂದ.

ಮ್ಯಾನೇಜರು ನನ್ನ ಮುಖ ನೋಡಿದರು, ಆತನ ಮುಖ ನೋಡಿದರು. "ಯಾರು, ಈಯಮ್ಮನಾ? ನಿನ್ನೆ ಮೊನ್ನೆ ಇವರ ದನಿಗೆ ಕೆಳಗಡೆ ನನಗೆ ಫೋನೇ ಕೇಳಿಸಿಲ್ಲ ಕಣ್ರೀ. ನೀವೆಲ್ಲಿದ್ರಿ ಆಗ?"

ಕ್ಲಾಸು ಮತ್ತೆ ನಕ್ಕಿತು. ಹೊಸಕೋಟೆಯವನು ಮತ್ತೆ ಬೆಂಚು ತಟ್ಟಿದ. ಈ ಸಲ ನಕ್ಕದ್ದು ನನ್ನ ಮೇಲಲ್ಲ.

ಸರ್ಟಿಫಿಕೇಟ್ ಹಿಡಿದು ಹೊರಡುವಾಗ ಆತನ ಮೇಜಿನ ಹತ್ತಿರ ನಿಂತೆ. ಆ ವಾರದಲ್ಲಿ ಅದೊಂದೇ ಸಲ ಮೆಲ್ಲಗೆ ಮಾತಾಡಿದ್ದು. "ಸಾರ್, ಮಗ್ಗದವರು ಕಿವೀಲಿ ಕೇಳಲ್ಲ, ಕಣ್ಣಲ್ಲಿ ಕೇಳ್ತೀವಿ. ನಿಮ್ಮ ಭಾಮೈದನಿಗೂ ಹೇಳ್ಬಿಡಿ." ಆತನ ಬಾಯಿ ತೆರೆದದ್ದು ತೆರೆದೇ ಇತ್ತು. ಲವಂಗ ಕಾಣಿಸುತ್ತಿತ್ತು.

ಅಷ್ಟಕ್ಕೆ ನನ್ನ ಸಿಟ್ಟು ಇಳಿಯಿತು ಎಂದುಕೊಳ್ಳಬೇಡಿ. ಊರಿಗೆ ಬಂದವಳೇ, ನಮ್ಮೂರಲ್ಲೇ ಏಜೆಂಟಾಗಿದ್ದ ಆತನ ಭಾವಮೈದುನನ ಬೀದಿಗೇ ನುಗ್ಗಿದೆ, ಅವನ ಎದುರು ಮನೆಯವರಿಗೂ ಪಾಲಿಸಿ ಮಾಡಿಸಿದೆ. ಮುಂದೆ ಪ್ರತಿ ಸಲ ನವೀಕರಣಕ್ಕೆ ಹೋದಾಗಲೂ ಅದೇ ಮೊದಲ ಬೆಂಚಿನಲ್ಲಿ ಕೂತು, ಬೋರ್ಡು ನೋಡದೆ, ಬೆಳಗಿನಿಂದ ಸಂಜೆವರೆಗೆ ಆತನ ತುಟಿಯನ್ನೇ ನೋಡುತ್ತಿದ್ದೆ. ಆತ ಗುಮಾಸ್ತನ ಜೊತೆ ಮಾತಾಡಬೇಕಾದರೆ ಕರ್ಚೀಫು ಅಡ್ಡ ಹಿಡಿಯುವುದನ್ನು ಕಲಿತ. ಗಾಜಿನ ಕೋಣೆಯೊಳಗೂ ಕರ್ಚೀಫು. ಶೀತವೇನು ಸಾರ್ ಎಂದು ಹೊಸಬರು ಕೇಳುತ್ತಿದ್ದರು. ನನಗೆ ಮಾತ್ರ ಗೊತ್ತಿತ್ತು, ಅದು ಎಂಥ ಶೀತ ಅಂತ.

ಆಮೇಲೆ ಆತ ಎಲ್ಲಿಗೋ ವರ್ಗವಾಗಿ ಹೋದ. ನಾನು ಮಾತ್ರ, ಬಾಯಿ ಎಲ್ಲಿದೆ ಅಂದದ್ದಕ್ಕೆ ಉತ್ತರವಾಗಿ, ಒಂದು ಮಾತನ್ನು ಆತನಿಗೆಂದೇ ಎತ್ತಿಟ್ಟುಕೊಂಡಿದ್ದೆ, ಒಳ್ಳೆಯ ದಿನ ಬರಲಿ ಎಂದು. ಈಗ ಬಂತಲ್ಲ, ಇದಕ್ಕಿಂತ ಒಳ್ಳೆಯ ದಿನ ಯಾವುದು?

ಮೊಮ್ಮಗಳಿಗೆ ಆವತ್ತು ಎಲ್ಲ ಹೇಳಿ, "ಆ ಸಾಹೇಬ ಎಲ್ಲಿದ್ದಾನೆ ವಿಚಾರಿಸು. ನಿನ್ನ ಪಾಠಕ್ಕೆ ಕರೆಸಿ ಹಿಂದಿನ ಬೆಂಚಲ್ಲಿ ಕೂರಿಸು" ಅಂದೆ. ಅವಳು ಫೋನು ತೆಗೆದಳು. ತರಬೇತಿಯ ಕೋಣೆಯಲ್ಲಿ ಹಳೆಯ ಮೇಷ್ಟರುಗಳ ಫೋಟೋ ಹಾಕಿದ್ದಾರಂತೆ, ಮೊದಲ ದಿನವೇ ಆ ಗೋಡೆಯನ್ನು ಫೋನಿನಲ್ಲಿ ಹಿಡಿದುಕೊಂಡಿದ್ದಳು. "ಇವರಾ ನೋಡಿ."

ಅದೇ ಬಿಳಿ ಅಂಗಿ. ಕೊರಳಿಗೆ ಗಂಧದ ಹಾರ.

"ತೀರ್ಕೊಂಡು ತುಂಬಾ ವರ್ಷ ಆಯ್ತಂತೆ ಅಜ್ಜಿ."

ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಬಾಯಿ ಬಿಗಿಯಾಗಿ ಮುಚ್ಚಿತ್ತು. ನನಗೆ ಓದಲು ಅಲ್ಲಿ ಏನೂ ಉಳಿದಿರಲಿಲ್ಲ... ಮೋಸ ಹೋದ ಹಾಗಾಯಿತು. ಇಷ್ಟು ವರ್ಷ ಕಾದಿಟ್ಟದ್ದನ್ನು ಕೇಳಿಸಿಕೊಳ್ಳದೆ ಹೋಗಿಬಿಟ್ಟಿದ್ದ. ಆದರೂ ಬಿಡಲಿಲ್ಲ, ಎತ್ತಿಟ್ಟ ಆ ಮಾತನ್ನು ಫೋಟೋಗೇ ಹೇಳಿದೆ, ಮಗ್ಗದ ಮಾತಿನಲ್ಲಿ, ಬರೀ ತುಟಿಯಲ್ಲಿ.

"ಏನಂದ್ರಿ ಅಜ್ಜಿ? ಕೇಳಿಸ್ಲಿಲ್ಲ" ಅಂದಳು ಮೊಮ್ಮಗಳು. ನನ್ನ ಬಾಯನ್ನೇ ನೋಡುತ್ತಿದ್ದಳು, ಪಾಪ. ಅವಳು ಹುಟ್ಟುವ ಮೊದಲೇ ನಮ್ಮ ಮಗ್ಗಗಳನ್ನು ಮಾರಿಯಾಗಿತ್ತು. ಅತ್ತೆಯೂ ಇಲ್ಲ, ಯಜಮಾನರೂ ಇಲ್ಲ. ಕಣ್ಣಲ್ಲಿ ಕೇಳುವವರು ಈ ಮನೆಯಲ್ಲಿ ಈಗ ನಾನೊಬ್ಬಳೇ.

"ಏನಿಲ್ಲ ಕಣೇ," ಎಂದು ಇನ್ನೊಂದು ಲವಂಗ ಕೊಟ್ಟೆ. "ನಾಳೆ ಆ ಫೋಟೋ ಕೆಳಗೇ ನಿಂತ್ಕೊಂಡು ಪಾಠ ಮಾಡು. ಜೋರಾಗಿ ಮಾಡು."