ಸ್ಕಾರ್‌ಬೆಕ್ ನಿಲ್ದಾಣದ ಹಲಗೆ

ಐವಿ ರೇಸ್ಟ್ರಿಕ್ ಮೂರನೆಯ ಸಲ ಬಣ್ಣ ಹಚ್ಚಿದ ಮೇಲೆಯೇ ರೈಲು ಸಂಘದ ಅಧ್ಯಕ್ಷ ಹಾಲಮ್ ಆ ಹಲಗೆಯನ್ನು ಒಪ್ಪಿದ್ದು. ಹಳೆಯ ಫೋಟೋದಲ್ಲಿರುವ ಅಕ್ಷರವೇ ಬೇಕು, ಅದೇ ಕೆನೆಬಣ್ಣ ಬೇಕು ಎಂದು ಹಟ ಹಿಡಿದವನು ಅವನೇ. 'ಇಲ್ಲಿ ಹತ್ತುವವರು ಚಾಲಕನಿಗೆ ಕಾಣುವಂತೆ ಕೈ ಎತ್ತಬೇಕು' ಎಂಬ ಆ ಸಾಲು ಐವಿಯ ತಾಯಿಯ ಕಾಲದಿಂದಲೂ ಸ್ಕಾರ್‌ಬೆಕ್ ಹಳ್ಳಿಯ ಕಟ್ಟಳೆ. ಕೈ ಎತ್ತಿದರೆ ಗಾಡಿ ನಿಲ್ಲುತ್ತಿತ್ತು.

ಸರ್ಕಾರ ಕಣಿವೆಯ ರೈಲನ್ನು ನಿಲ್ಲಿಸಿ ಹಳಿ ಕಿತ್ತೊಯ್ದ ಮೇಲೆ ಸಂಘ ಕಟ್ಟಿಕೊಂಡು ಅದನ್ನು ಮತ್ತೆ ಹಾಸಿದವರು ಯಾರು? ಕುರಿ ಸಾಕುವವರು, ಕಲ್ಲುಗಣಿಯವರು, ಚಾಪೆಲ್ ಎಂಬ ಪುಟ್ಟ ಚರ್ಚಿನ ಹೆಂಗಸರು. ಐವಿಯ ಗಂಡ ವಿಲ್ಫ್ ಶನಿವಾರವೆಲ್ಲ ಮುಳ್ಳುಬಳ್ಳಿ ಕಡಿದ. ಹಳಿಯಡಿಯ ಮರದ ದಿಮ್ಮಿ ಹೊತ್ತು ಬಾಗಿದ ಬೆನ್ನಿನಲ್ಲೇ ಮಣ್ಣಿಗೆ ಹೋದ. ಹೊಸ ಹಳಿಯ ಮೇಲೆ ಮೊದಲ ಉಗಿಬಂಡಿ ಬಂದದ್ದು ಸುಗ್ಗಿಯ ಸ್ತೋತ್ರಾರಾಧನೆಯ ಹಿಂದಿನ ದಿನ. ಅಂದು ಐವಿ ತೆನೆಕಟ್ಟಿನ ಆಕಾರದ ದೊಡ್ಡ ರೊಟ್ಟಿ ಸುಟ್ಟು, ಅದರ ಮೇಲೆ ವಾಡಿಕೆಯಂತೆ ಹಿಟ್ಟಿನ ಪುಟ್ಟ ಇಲಿಯನ್ನು ಕೂರಿಸಿ, ಅದೇ ಗಾಡಿಯಲ್ಲಿ ಥಾರ್ಸ್‌ಗಿಲ್ ಊರಿನ ಚಾಪೆಲಿಗೆ ಒಯ್ದಳು. ಅಲ್ಲಿಂದೀಚೆಗೆ ಪ್ರತಿ ಸುಗ್ಗಿಗೂ ಸ್ಕಾರ್‌ಬೆಕ್ಕಿನ ರೊಟ್ಟಿ ರೈಲಿನಲ್ಲೇ ದೇವರ ಸನ್ನಿಧಿಗೆ ಹೋಗಿದೆ.

ಈ ಸಲ ಶುಕ್ರವಾರ ಅವಳು ಪ್ಲಾಟ್‌ಫಾರಮ್ಮಿನ ಹೂಗಿಡಗಳಿಗೆ ನೀರು ಹಾಕುತ್ತಿದ್ದಾಗ ಹಾಲಮ್ ಬಂದ.

"ಮಿಸೆಸ್ ರೇಸ್ಟ್ರಿಕ್, ನಾಳೆಯಿಂದ ಗಾಡಿ ಇಲ್ಲಿ ನಿಲ್ಲಲ್ಲ. ಅದೀಗ ಊಟದ ಗಾಡಿ. ಲಂಡನ್ನಿಂದ ಬಂದೋರು ಸೂಪ್ ಕುಡೀತಿರ್ತಾರೆ, ಮಧ್ಯೆ ಬ್ರೇಕ್ ಹಾಕಿದ್ರೆ ಚೆನ್ನಾಗಿರಲ್ಲ."

"ಮತ್ತೆ ನಮ್ ರೊಟ್ಟಿ?"

"ನನ್ ಕಾರಲ್ಲಿ ಕಳಿಸ್ಕೊಡ್ತೀನಿ, ಬಿಡಿ."

"ಇಲ್ಲಿ ದಿಮ್ಮಿ ಹೊತ್ತಿದ್ದು ನಿಮ್ ಕಾರಲ್ಲ, ನನ್ ಗಂಡ. ಹಾಗಾದ್ರೆ ಈ ಹಲಗೆ ಯಾಕೆ? ಮೂರು ಸಲ ಬರೆಸಿದ್ರಲ್ಲ!"

"ಅದು ನೋಡೋಕಷ್ಟೇ. ಜನ ಫೋಟೋ ತಗೋತಾರೆ."

ನೋಡುವುದಕ್ಕಷ್ಟೇ! ಪ್ರಿಯರೇ, ಬೀಗದ ಹೊಳಪು ಉಳಿಸಿಕೊಂಡು ಬಾಗಿಲನ್ನೇ ಗೋಡೆ ಮಾಡುವ ಈ ಭಕ್ತಿ ಯಾವ ಭಕ್ತಿ? ಬೆವರಿಳಿಸಿದವರನ್ನು ಬೇಲಿಯಾಚೆ ನಿಲ್ಲಿಸಿ, ಅವರ ಬೆವರಿಗೆ ಪರಂಪರೆಯೆಂದು ಹೆಸರಿಡುವುದೇ? ಕೈಯಲ್ಲಿದ್ದ ಡಬ್ಬಿಯ ನೀರೆಲ್ಲ ಬೂಟಿನ ಮೇಲೆ ಸುರಿದದ್ದೂ ಐವಿಗೆ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಭಾನುವಾರದ ಹ್ಯಾಟು ಧರಿಸಿ, ರೊಟ್ಟಿಯನ್ನು ಎಡತೋಳಿನಲ್ಲಿ ಮಗುವಿನಂತೆ ಆನಿಸಿಕೊಂಡು, ಹಲಗೆಯ ಕೆಳಗೆ ನಿಂತಳು. ತಿರುವಿನಲ್ಲಿ ಹೊಗೆ ಕಂಡಿತು. ಬಲಗೈ ಎತ್ತಿದಳು. ಗಾಡಿಯ ವೇಗ ತಗ್ಗಲಿಲ್ಲ. ಕೈ ಇಳಿಸಲಿಲ್ಲ. 'ಕರ್ತನೇ, ಇದು ನನ್ನ ಹಟವಾದರೆ ಗಾಡಿ ಹೋಗಲಿ' ಎಂದುಕೊಂಡಳು.

ಚಕ್ರಗಳು ಕಿರುಚಿದವು. ಗಾಜಿನಾಚೆ ಬಟ್ಟಲುಗಳು ಜಾರಿದವು. ಅಂಗಿಯ ಮೇಲೆ ಸೂಪ್ ಚೆಲ್ಲಿಕೊಂಡ ಹಾಲಮ್ ಕೆಳಗಿಳಿದು ಎಂಜಿನ್ನಿನತ್ತ ಓಡಿದ.

"ಲೆನ್! ಇಲ್ಲಿ ನಿಲ್ಲಿಸ್ಬೇಡ ಅಂದಿರ್ಲಿಲ್ವಾ?"

ಚಾಲಕ ಲೆನ್ ಆಟ್ಲಿ ಬಾಲ್ಯದಲ್ಲಿ ಭಾನುವಾರದ ಶಾಲೆಗೆ ಐವಿಯ ಜೊತೆಗೇ ಹೋದವನು. ಟೋಪಿ ತೆಗೆದು ಹಣೆ ಒರೆಸಿಕೊಂಡ.

"ಅಂದಿದ್ರಿ ಸಾರ್. ಆದ್ರೆ ದಾರೀಲಿ ಯಾವ ಹಲಗೆ ಕಂಡ್ರೂ ಹಳೇ ಕಾಲದ ಹಾಗೇ ಪಾಲಿಸ್ಬೇಕು ಅಂತ ನಮಗೆಲ್ಲ ಪಾಠ ಹೇಳಿದ್ದೂ ನೀವೇ. ನಾಳೆ ಇನ್ನೊಂದು ಹಲಗೆನೂ ನೋಡೋಕಷ್ಟೇ ಅಂದ್ರೆ ನಾನು ಗಾಡಿ ಓಡಿಸೋದ್ ಹೇಗೆ?" ಎಂದವನು ಐವಿಯತ್ತ ಬಗ್ಗಿದ: "ಹತ್ತೇ ಮಾರಾಯ್ತಿ, ಇಲಿ ಇಳಿದು ಓಡೀತು!"

"ನೀನ್ ಬ್ರೇಕ್ ಹಾಕಿದ್ ರೀತಿಗೆ ಓಡ್ದೇ ಇರುತ್ತಾ?" ಎಂದು ಗದರಿ, ಹಾಲಮ್‌ನ ಮುಖವನ್ನೂ ನೋಡದೆ, ಅವಳು ಹತ್ತಿ ಕುಳಿತಳು.

ಭಾನುವಾರ ರೊಟ್ಟಿ ಪ್ರಸಂಗಪೀಠದ ಮುಂದಿತ್ತು. ಸೋಮವಾರ ಹಾಲಮ್ ಹಲಗೆಯನ್ನು ಬಿಚ್ಚಿಸಿ, ಸಂಘದ ವಸ್ತುಪ್ರದರ್ಶನದಲ್ಲಿ ಗಾಜಿನ ಹಿಂದೆ ಇಡಿಸಿದ. ಈಗ ಸ್ಕಾರ್‌ಬೆಕ್ಕಿನಲ್ಲಿ ಎರಡು ಬೋಳು ಕಂಬಗಳಿವೆ. ಮುಂದಿನ ಭಾನುವಾರ ಐವಿ ಚಾಪೆಲಿನ ಪಾಪಗಳ ಅರಿಕೆಯಲ್ಲಿ ಎಲ್ಲವನ್ನೂ ಹೇಳಿಕೊಂಡಳು. ಈ ಕೋಪವನ್ನು ಮಾತ್ರ ಹೇಳಲಿಲ್ಲ. ಅದನ್ನು ಬರುವ ಸುಗ್ಗಿಯವರೆಗೆ ಆರದಂತೆ ಕಾಪಾಡು ಎಂದು ಬೇಡಿಕೊಂಡಳು.